ಉಷ್ಣವಲಯದ ನದಿಯಲ್ಲಿ ಮೊದಲ ರಾಫ್ಟಿಂಗ್: ನದಿಯ ಆಯ್ಕೆಯಿಂದ ಮರಳಿ ದಡ ಸೇರುವವರೆಗೆ

ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಆರೆಂಟು ಜನ ಕುಳಿತು, ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ನದಿಯಲ್ಲಿ ಹುಟ್ಟು ಹಾಕುತ್ತ ಸಾಗುವ ರಾಫ್ಟಿಂಗ್‌ಗೆ ಪೂರ್ವಾನುಭವ ಬೇಕಿಲ್ಲ. ನುರಿತ ಗೈಡ್ ಜೊತೆಗಿದ್ದರೆ, ಸಾಧಾರಣ ಆರೋಗ್ಯವಿರುವ ಯಾರಾದರೂ ಮೊದಲ ದಿನವೇ ಪಾಲ್ಗೊಳ್ಳಬಹುದು. ಉಷ್ಣವಲಯದ ನದಿಗಳು ಹೊಸಬರಿಗೆ ಇನ್ನಷ್ಟು ಅನುಕೂಲ. ಹಿಮ ಕರಗಿ ಬರುವ ನದಿಗೆ ಬಿದ್ದೊಡನೆ ಉಸಿರು ಕಟ್ಟಿಸುವ ಚಳಿಯ ಆಘಾತ ಇಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಈ ಬೆಚ್ಚನೆಯ ನೀರೇ ಎಚ್ಚರವನ್ನು ಸಡಿಲಗೊಳಿಸುತ್ತದೆ. ಮೇಲ್ಭಾಗದ ಕಾಡಿನಲ್ಲಿ ಒಂದೆರಡು ಗಂಟೆ ಸುರಿದ ಮಳೆಗೆ ಉಷ್ಣವಲಯದ ನದಿ ತನ್ನ ಸ್ವಭಾವವನ್ನೇ ಬದಲಿಸಬಲ್ಲದು. ಅದರ ನೀರು ಕೆಲವು ರೋಗಾಣುಗಳಿಗೂ ಹಿತವಾಗಿರುತ್ತದೆ. ಆದ್ದರಿಂದ ಇಲ್ಲಿ ಹುಟ್ಟು ಹಾಕುವ ಕೌಶಲಕ್ಕಿಂತ ಹೆಚ್ಚಿನ ಜಾಗವನ್ನು ದಡದ ಮೇಲೆ ಕೈಗೊಳ್ಳಬೇಕಾದ ನಿರ್ಧಾರಗಳಿಗೂ, ನೀರಿಗೆ ಬಿದ್ದಾಗ ಮಾಡಬೇಕಾದ ಕೆಲಸಕ್ಕೂ ಕೊಡಲಾಗಿದೆ.

ಮೊದಲ ಹಂತ: ದರ್ಜೆಯನ್ನು ಅರ್ಥ ಮಾಡಿಕೊಳ್ಳುವುದು

ನದಿಯ ರಾಪಿಡ್‌ಗಳನ್ನು, ಅಂದರೆ ನೀರು ಇಳಿಜಾರಿನಲ್ಲಿ ಬಂಡೆಗಳಿಗೆ ಬಡಿದು ರಭಸದಿಂದ ಹರಿಯುವ ಜಾಗಗಳನ್ನು, ಅಂತರರಾಷ್ಟ್ರೀಯ ಮಾಪನದಲ್ಲಿ 1ರಿಂದ 6ರವರೆಗೆ ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದನೆಯ ದರ್ಜೆಯಲ್ಲಿ ಸಣ್ಣ ಅಲೆಗಳಷ್ಟೇ ಇರುತ್ತವೆ. ಎರಡರಲ್ಲಿ ದಾರಿ ಅಗಲವಾಗಿ, ಸ್ಪಷ್ಟವಾಗಿ ಕಾಣುತ್ತದೆ. ಮೂರರಲ್ಲಿ ಅಲೆಗಳು ಅನಿಯಮಿತವಾಗಿ ಏಳುತ್ತವೆ ಮತ್ತು ದೋಣಿಯನ್ನು ಬೇಕಾದ ಕಡೆಗೆ ತಿರುಗಿಸುವ ಕೆಲಸ ಶುರುವಾಗುತ್ತದೆ. ನಾಲ್ಕರಲ್ಲಿ ನೀರು ಪ್ರಬಲವಾಗಿದ್ದು, ಇಕ್ಕಟ್ಟಾದ ದಾರಿಗಳಲ್ಲಿ ಕರಾರುವಾಕ್ಕಾದ ನಿಯಂತ್ರಣ ಬೇಕಾಗುತ್ತದೆ. ಐದನೆಯದು ಉದ್ದವಾದ, ತೀವ್ರವಾದ, ಈಜಬೇಕಾಗಿ ಬಂದರೆ ನಿಜಕ್ಕೂ ಅಪಾಯಕಾರಿಯಾದ ದರ್ಜೆ. ಆರನೆಯದು ಪ್ರಯತ್ನಿಸಬಹುದಾದುದರ ಅಂಚಿನಲ್ಲಿದ್ದು, ಪ್ರವಾಸಿಗಳಿಗೆ ಸಂಬಂಧಿಸಿದ್ದಲ್ಲ.

ಮೊದಲ ಬಾರಿಗೆ ಎರಡನೆಯ ಮತ್ತು ಮೂರನೆಯ ದರ್ಜೆಗಳು ಬೆರೆತ ನದಿ ಸೂಕ್ತ. ಎರಡರಲ್ಲೇ ಮುಗಿದರೆ ಕೆಲವರಿಗೆ ಸಪ್ಪೆ ಎನಿಸಬಹುದು. ಮೂರರ ಕೆಲವು ರಾಪಿಡ್‌ಗಳು, ಅವುಗಳ ನಡುವೆ ನೀರು ನಿಧಾನವಾಗಿ ಹರಿಯುವ ಮಡುಗಳು ಇದ್ದರೆ ಕಲಿಯುವುದಕ್ಕೂ ಚೇತರಿಸಿಕೊಳ್ಳುವುದಕ್ಕೂ ಸಮಯ ಸಿಗುತ್ತದೆ. ಈ ಮಡುಗಳಿಗೆ ಪ್ರಚಾರದ ಚಿತ್ರಗಳಲ್ಲಿ ಜಾಗ ಸಿಗುವುದಿಲ್ಲ, ಆದರೆ ದರ್ಜೆಯ ಸಂಖ್ಯೆಯಷ್ಟೇ ಮುಖ್ಯವಾದವು ಅವು. ರಾಪಿಡ್‌ನ ಕೆಳಗೆ ಶಾಂತವಾದ ಮಡು ಇದ್ದರೆ ಬಿದ್ದವರನ್ನು ಎತ್ತಿಕೊಳ್ಳುವುದು ಸುಲಭ; ಒಂದು ರಾಪಿಡ್ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುವ ನದಿಯಲ್ಲಿ ಅದೇ ಮೂರನೆಯ ದರ್ಜೆ ಬೇರೆಯೇ ಮಾತಾಗುತ್ತದೆ.

ದರ್ಜೆ ನದಿಗೆ ಶಾಶ್ವತವಾಗಿ ಅಂಟಿಕೊಂಡಿರುವುದಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಅದು ಒಂದು ನಿರ್ದಿಷ್ಟ ನೀರಿನ ಮಟ್ಟಕ್ಕೆ ಕೊಟ್ಟ ಅಂದಾಜು. ಒಂದು ಘನಮೀಟರ್ ನೀರು ಸಾವಿರ ಕಿಲೋಗ್ರಾಂ ತೂಗುತ್ತದೆ. ಸೆಕೆಂಡಿಗೆ ಹತ್ತು ಘನಮೀಟರ್ ಹೆಚ್ಚು ನೀರು ಬಂದರೆ, ಪ್ರತಿ ಸೆಕೆಂಡಿಗೂ ಹತ್ತು ಟನ್ ಹೆಚ್ಚುವರಿ ತೂಕ ಅದೇ ಕಣಿವೆಯಲ್ಲಿ ಇಳಿಯುತ್ತಿದೆ ಎಂದರ್ಥ. ನೀರಿನ ವೇಗ ಎರಡು ಪಟ್ಟಾದರೆ ಅದು ದೇಹದ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ‘ಈ ನದಿ ಎಷ್ಟನೆಯ ದರ್ಜೆ?’ ಎಂದು ಕೇಳುವುದಕ್ಕಿಂತ ‘ನಾವು ಹೋಗುವ ದಿನದ ನೀರಿಗೆ ಇದು ಎಷ್ಟನೆಯ ದರ್ಜೆ?’ ಎಂದು ಕೇಳುವುದು ಒಳ್ಳೆಯದು.

ಎರಡನೆಯ ಹಂತ: ನದಿಯನ್ನೂ ಕಾಲವನ್ನೂ ಆರಿಸುವುದು

ಉಷ್ಣವಲಯದಲ್ಲಿ ನದಿಯ ಕಾಲಮಾನವನ್ನು ಬೇಸಿಗೆ, ಚಳಿಗಾಲಗಳಿಗಿಂತ ಮಳೆ ನಿರ್ಧರಿಸುತ್ತದೆ. ಆದರೆ ಆ ಮಳೆ ಎಲ್ಲಿ ಬಿತ್ತು ಎಂಬುದು ಮುಖ್ಯ. ಆಫ್ರಿಕಾದ ಜಾಂಬೆಜಿ ನದಿ ಇದಕ್ಕೆ ಒಳ್ಳೆಯ ಉದಾಹರಣೆ. ವಿಕ್ಟೋರಿಯಾ ಜಲಪಾತದ ಸುತ್ತ ಮಳೆಗಾಲ ಮುಗಿಯುತ್ತ ಬಂದರೂ, ದೂರದ ಮೇಲ್ಭಾಗದಲ್ಲಿ ಬಿದ್ದ ನೀರು ನಿಧಾನವಾಗಿ ಇಳಿದು ಬಂದು, ಏಪ್ರಿಲ್ ಹೊತ್ತಿಗೆ ನದಿ ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ. ಜಲಪಾತದ ಕೆಳಗಿನ ಬಟೋಕಾ ಕಮರಿಯಲ್ಲಿ ಆಗ ಮೇಲಿನ ರಾಪಿಡ್‌ಗಳನ್ನು ಬಿಟ್ಟು ಕೆಳಗಿನ ಭಾಗದಲ್ಲಷ್ಟೇ ದೋಣಿ ಇಳಿಸುತ್ತಾರೆ, ನೀರು ತೀರಾ ಏರಿದಾಗ ನಿಲ್ಲಿಸಿಯೇ ಬಿಡುತ್ತಾರೆ. ನೀರು ಇಳಿದಿರುವ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಅಲ್ಲಿನ ಪ್ರಸಿದ್ಧ ರಾಪಿಡ್‌ಗಳು ಪೂರ್ಣ ರೂಪದಲ್ಲಿ ತೆರೆದುಕೊಳ್ಳುತ್ತವೆ. ಕಡಿಮೆ ನೀರೆಂದರೆ ಸುಲಭದ ನದಿ ಎಂಬ ಊಹೆಯೂ ಇದರಿಂದಾಗಿ ಎಲ್ಲೆಡೆ ನಿಲ್ಲುವುದಿಲ್ಲ. ಜಾಂಬೆಜಿಯ ಈ ಭಾಗ ನಾಲ್ಕು ಮತ್ತು ಐದನೆಯ ದರ್ಜೆಯದು. ಹೊಸಬರನ್ನೂ ಅಲ್ಲಿ ಕರೆದೊಯ್ಯುತ್ತಾರಾದರೂ ಮೊದಲ ಅನುಭವಕ್ಕೆ ಅದನ್ನು ಆರಿಸಬೇಕೆಂದು ನನಗನಿಸುವುದಿಲ್ಲ.

ಉಗಾಂಡಾದ ಜಿಂಜಾ ಬಳಿಯ ಬಿಳಿ ನೈಲ್ ಇದಕ್ಕೆ ತದ್ವಿರುದ್ಧ. ವಿಕ್ಟೋರಿಯಾ ಸರೋವರದಂಥ ಅಪಾರ ಜಲರಾಶಿಯಿಂದ ಹೊರಡುವುದರಿಂದ ಅದರ ಹರಿವು ಮಳೆಗೆ ತಕ್ಕಂತೆ ದಿಢೀರನೆ ಏರಿಳಿಯುವುದಿಲ್ಲ. ಆದರೆ 2012ರಲ್ಲಿ ಬುಜಗಾಲಿ ಅಣೆಕಟ್ಟು, 2019ರಲ್ಲಿ ಇಸಿಂಬಾ ಅಣೆಕಟ್ಟು ಕೆಲಸ ಆರಂಭಿಸಿದ ಮೇಲೆ ಅಲ್ಲಿನ ಹಲವು ರಾಪಿಡ್‌ಗಳು ಹಿನ್ನೀರಿನಲ್ಲಿ ಮುಳುಗಿವೆ, ಆದ್ದರಿಂದ ಹಳೆಯ ವಿವರಣೆಗಳನ್ನು ನಂಬಿ ಹೊರಡಬಾರದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟುಲ್ಲಿ ನದಿಯಲ್ಲಿ ಜಲವಿದ್ಯುತ್ ಉತ್ಪಾದನೆಗಾಗಿ ಬಿಡುವ ನೀರಿನ ಮೇಲೆ ರಾಫ್ಟಿಂಗ್ ನಿಂತಿದೆ. ಹೀಗೆ ಅಣೆಕಟ್ಟಿನಿಂದ ನೀರು ಬಿಡುವ ನದಿಗಳಲ್ಲಿ ಮಟ್ಟವನ್ನು ಮೊದಲೇ ಊಹಿಸಬಹುದಾದರೂ, ನೀರು ಬಿಡುವ ವೇಳಾಪಟ್ಟಿ ಸಂಘಟಕರಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಬೇಕು. ಕೋಸ್ಟರಿಕಾದ ಪಕುಆರೆ ಮಳೆಕಾಡಿನ ಕಮರಿಯಲ್ಲಿ ಹರಿಯುವ, ಮೂರು ಮತ್ತು ನಾಲ್ಕನೆಯ ದರ್ಜೆಯ ಸುಂದರ ನದಿ. ಅದರ ಕಣಿವೆಯಲ್ಲಿ ಜೋರು ಮಳೆಯಾದರೆ ನೀರು ಬೇಗನೆ ಏರುತ್ತದೆ. ಬಾಲಿ ದ್ವೀಪದ ಆಯುಂಗ್ ಎರಡು ಮತ್ತು ಮೂರನೆಯ ದರ್ಜೆಯಲ್ಲಿದ್ದು ಮೊದಲ ಬಾರಿಯವರಿಗೆ ಹೊಂದುತ್ತದೆ.

ಸಾಮಾನ್ಯವಾಗಿ ಮಳೆಗಾಲದ ಕೊನೆಯ ಭಾಗ ಅಥವಾ ಅದು ಮುಗಿದ ನಂತರದ ವಾರಗಳು ಅನುಕೂಲಕರ: ನದಿಯಲ್ಲಿ ಬಂಡೆಗಳನ್ನು ಮುಚ್ಚುವಷ್ಟು ನೀರಿರುತ್ತದೆ, ದಿಢೀರ್ ಪ್ರವಾಹದ ಸಾಧ್ಯತೆ ಕಡಿಮೆಯಾಗುತ್ತ ಬಂದಿರುತ್ತದೆ. ಉಷ್ಣವಲಯದ ಅನೇಕ ಕಡೆ ಬಿಸಿಲೇರಿ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದರಿಂದ, ಬೆಳಗ್ಗೆ ಬೇಗ ಹೊರಡುವ ತಂಡವನ್ನು ಸೇರುವುದು ಮೇಲು.

ಮೂರನೆಯ ಹಂತ: ಸಂಸ್ಥೆಯನ್ನೂ ಗೈಡನ್ನೂ ಪರೀಕ್ಷಿಸುವುದು

1997ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ರಾಫ್ಟಿಂಗ್ ಫೆಡರೇಷನ್ ಗೈಡ್‌ಗಳಿಗೆ ತರಬೇತಿಯ ಮಾನದಂಡ ರೂಪಿಸಿ ಪ್ರಮಾಣಪತ್ರ ಕೊಡುತ್ತದೆ. ಹಲವು ದೇಶಗಳಿಗೆ ತಮ್ಮದೇ ಪರವಾನಗಿ ವ್ಯವಸ್ಥೆಯೂ ಇದೆ. ಗೈಡ್ ಯಾವ ಪ್ರಮಾಣಪತ್ರ ಹೊಂದಿದ್ದಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದಾರೆಯೇ, ಇದೇ ನದಿಯಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಬಹುದು. ಒಂದೇ ದೋಣಿ ಒಂಟಿಯಾಗಿ ಹೊರಡುವ ಯಾತ್ರೆಗಿಂತ ಕನಿಷ್ಠ ಎರಡು ದೋಣಿಗಳು, ಅಥವಾ ದೋಣಿಯ ಜೊತೆಗೆ ಬಿದ್ದವರನ್ನು ಎತ್ತಲು ಸಿದ್ಧನಾದ ಕಯಾಕ್ (ಕಿರಿದಾದ ಪುಟ್ಟ ದೋಣಿ) ಸವಾರನಿರುವ ಯಾತ್ರೆ ಸುರಕ್ಷಿತ. ಕಮರಿಯ ನಡುವೆ ಯಾರಿಗಾದರೂ ಗಾಯವಾದರೆ ಹೊರಗೆ ಸಾಗಿಸಲು ದಾರಿ ಎಲ್ಲಿದೆ, ಫೋನ್ ಸಂಪರ್ಕ ಸಿಗದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ ಎಂಬುದಕ್ಕೂ ಉತ್ತರ ಇರಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಒಂದೇ ಪ್ರಶ್ನೆಗೆ: ನೀರು ಯಾವ ಮಟ್ಟಕ್ಕೆ ಏರಿದರೆ ನೀವು ಯಾತ್ರೆಯನ್ನು ರದ್ದು ಮಾಡುತ್ತೀರಿ? ಒಳ್ಳೆಯ ಸಂಸ್ಥೆಯಲ್ಲಿ ಇದಕ್ಕೆ ಅಳತೆಯ ರೂಪದ ಉತ್ತರವಿರುತ್ತದೆ. ದಡದ ಬಂಡೆಯ ಮೇಲಿನ ಗುರುತನ್ನೋ ಮಾಪಕದ ಸಂಖ್ಯೆಯನ್ನೋ ಅವರು ತೋರಿಸುತ್ತಾರೆ. ‘ನಾವು ಯಾವತ್ತೂ ರದ್ದು ಮಾಡುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರ ದೋಣಿ ಹತ್ತದಿರುವುದು ಕ್ಷೇಮ.

ನಾಲ್ಕನೆಯ ಹಂತ: ದೇಹದ ಸಿದ್ಧತೆ

ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಹೃದ್ರೋಗ, ಅಪಸ್ಮಾರ ಅಥವಾ ತೀವ್ರ ಬೆನ್ನುನೋವು ಇರುವವರು ಇದಕ್ಕೆ ಇಳಿಯಬಾರದು, ಅಥವಾ ವೈದ್ಯರ ಸ್ಪಷ್ಟ ಒಪ್ಪಿಗೆ ಪಡೆದೇ ಇಳಿಯಬೇಕು. ಹಿಂದೆ ಭುಜದ ಕೀಲು ತಪ್ಪಿದವರು ಅದನ್ನು ಗೈಡ್‌ಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಹುಟ್ಟು ಹಿಡಿದ ಕೈಯನ್ನು ಅಲೆ ಹಿಂದಕ್ಕೆಳೆದಾಗ ಅದು ಮತ್ತೆ ತಪ್ಪುವ ಸಂಭವವಿದೆ. ಈಜು ಬರಲೇಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ. ಸುಲಭ ದರ್ಜೆಗಳಲ್ಲಿ ಈಜು ಬಾರದವರನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಮುಖದ ಮೇಲೆ ನೀರು ಬಿದ್ದರೆ ಗಾಬರಿಯಾಗುವವರು ಮೊದಲು ಈಜುಕೊಳದಲ್ಲಿ ಲೈಫ್ ಜಾಕೆಟ್ ಧರಿಸಿ ಬೆನ್ನಮೇಲೆ ತೇಲುವುದನ್ನು ರೂಢಿ ಮಾಡಿಕೊಂಡರೆ ನದಿಯಲ್ಲಿ ಅರ್ಧ ಭಯ ಇಳಿಯುತ್ತದೆ.

ನೀರಿನ ನಡುವೆಯೇ ಇರುವುದರಿಂದ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಬಿಸಿಲು, ಸೆಕೆ, ಶ್ರಮ ಸೇರಿ ದೇಹ ಬೇಗ ಒಣಗುತ್ತದೆ. ಹೊರಡುವ ಹಿಂದಿನ ದಿನದಿಂದಲೇ ಸಾಕಷ್ಟು ನೀರು ಕುಡಿದಿರಬೇಕು. ಮದ್ಯ ಸೇವಿಸಿ ದೋಣಿ ಹತ್ತುವ ಮಾತೇ ಇಲ್ಲ.

ಐದನೆಯ ಹಂತ: ಉಡುಪು ಮತ್ತು ಸಲಕರಣೆ

ಬೇಗ ಒಣಗುವ ಕೃತಕ ನೂಲಿನ ಉದ್ದ ತೋಳಿನ ಅಂಗಿ ಉಷ್ಣವಲಯದ ಬಿಸಿಲಿಗೆ ಎಲ್ಲಕ್ಕಿಂತ ಒಳ್ಳೆಯದು. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಜೀನ್ಸ್ ಅಂತೂ ಬೇಡವೇ ಬೇಡ. ಬಿಸಿಲು ಮೇಲಿನಿಂದಷ್ಟೇ ಅಲ್ಲದೆ ನೀರಿನಿಂದ ಪ್ರತಿಫಲಿಸಿ ಗಲ್ಲದ ಕೆಳಗೂ ತಾಗುತ್ತದೆ. ಕುಳಿತಾಗ ಸುಡುವುದು ತೊಡೆಯ ಮೇಲ್ಭಾಗ, ಅದಕ್ಕೂ ನೀರಿಗೆ ತಡೆಯುವ ಸನ್‌ಸ್ಕ್ರೀನ್ ಹಚ್ಚಬೇಕು. ಹಣೆಗೆ ಮಾತ್ರ ಕಡಿಮೆ ಹಚ್ಚುವುದು ಜಾಣತನ, ಇಲ್ಲದಿದ್ದರೆ ಮೊದಲ ಅಲೆಗೇ ಅದು ಕಣ್ಣಿಗಿಳಿಯುತ್ತದೆ. ಕಾಲಿಗೆ ಹಿಮ್ಮಡಿಯಲ್ಲಿ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ ಸಾಕು. ಚಪ್ಪಲಿ ಧರಿಸಿದರೆ ಅದು ನದಿಯ ಪಾಲಾಗುತ್ತದೆ. ಉಂಗುರ, ಸರ, ಜೋತಾಡುವ ಕಿವಿಯೋಲೆಗಳನ್ನು ಕಳಚಿಡಬೇಕು. ಕನ್ನಡಕವಿದ್ದರೆ ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿ ಬೇಕು.

ಲೈಫ್ ಜಾಕೆಟ್ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. ಎಲ್ಲ ಬಕಲ್‌ಗಳನ್ನು ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಗೊಳಿಸಿ, ನಂತರ ಇನ್ನೊಬ್ಬರಿಗೆ ಭುಜದ ಪಟ್ಟಿಗಳನ್ನು ಹಿಡಿದು ಜೋರಾಗಿ ಮೇಲಕ್ಕೆಳೆಯಲು ಹೇಳಬೇಕು. ಜಾಕೆಟ್ ಕಿವಿಯ ಮಟ್ಟಕ್ಕೆ ಏರಿದರೆ ಅದು ಸಡಿಲವಾಗಿದೆ ಅಥವಾ ಅಳತೆ ದೊಡ್ಡದಾಗಿದೆ. ಉಸಿರಾಟಕ್ಕೆ ತುಸು ಬಿಗಿ ಎನಿಸುವಷ್ಟಿದ್ದರೆ ಸರಿ. ಹೆಲ್ಮೆಟ್ ನದಿ ಕ್ರೀಡೆಗೆಂದೇ ತಯಾರಾದದ್ದಾಗಿರಬೇಕು. ಯುರೋಪಿನಲ್ಲಿ ಇದಕ್ಕೆ ಇಎನ್ 1385 ಎಂಬ ಮಾನದಂಡವಿದ್ದು, ಹೆಲ್ಮೆಟ್‌ನ ಒಳಗೆ ಆ ಗುರುತನ್ನು ಕಾಣಬಹುದು. ಅದು ಹಣೆಯನ್ನು ಮುಚ್ಚಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು.

ಆರನೆಯ ಹಂತ: ದೋಣಿಯಲ್ಲಿ ಕುಳಿತು ಹುಟ್ಟು ಹಾಕುವುದು

ಹೊಸಬರು ದೋಣಿಯ ಒಳಗೆ ಕುಸಿದು ಕೂರಲು ಬಯಸುತ್ತಾರೆ. ಸರಿಯಾದ ಜಾಗ ಹೊರಗಿನ ಗಾಳಿಕೊಳವೆಯ ಮೇಲಿದೆ. ಒಂದು ಪಾದವನ್ನು ನೆಲದಲ್ಲಿರುವ ಪಾದಕುಳಿಯಲ್ಲಿ ಅಥವಾ ಅಡ್ಡಕೊಳವೆಯ ಕೆಳಗೆ ಸಿಕ್ಕಿಸಿ, ಸೊಂಟದಿಂದ ಮುಂದಕ್ಕೆ ಬಾಗಿ, ಹುಟ್ಟನ್ನು ನೀರಿಗೆ ಪೂರ್ತಿ ಇಳಿಸಿ ಹಿಂದಕ್ಕೆಳೆಯಬೇಕು. ಬಲ ತೋಳಿಗಿಂತ ಹೆಚ್ಚಾಗಿ ಬೆನ್ನು, ಸೊಂಟಗಳಿಂದ ಬಂದರೆ ಬೇಗ ಸುಸ್ತಾಗುವುದಿಲ್ಲ. ಪಾದವನ್ನು ಹಗುರವಾಗಿ ಸಿಕ್ಕಿಸಬೇಕು. ದೋಣಿ ಮಗುಚಿದರೆ ತಾನಾಗಿ ಕಳಚಿಕೊಳ್ಳುವಂತಿರಬೇಕು.

ಹುಟ್ಟಿನ ಮೇಲ್ತುದಿಯಲ್ಲಿ ಗಟ್ಟಿಯಾದ ಅಡ್ಡಹಿಡಿ ಇರುತ್ತದೆ. ರಾಫ್ಟಿಂಗ್‌ನಲ್ಲಿ ಹಲ್ಲು ಮುರಿಯುವುದು, ತುಟಿ ಒಡೆಯುವುದು ಹೆಚ್ಚಾಗಿ ಬಂಡೆಯಿಂದಲ್ಲ, ಪಕ್ಕದವರ ಈ ಹಿಡಿಯಿಂದ. ಆದ್ದರಿಂದ ಏನೇ ಆದರೂ ಒಂದು ಅಂಗೈ ಅದನ್ನು ಮುಚ್ಚಿಕೊಂಡೇ ಇರಬೇಕು.

ಗೈಡ್ ಹಿಂದೆ ಕುಳಿತು ಫಾರ್ವರ್ಡ್, ಬ್ಯಾಕ್, ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್, ಸ್ಟಾಪ್ ಎಂಬ ಆಜ್ಞೆಗಳನ್ನು ಕೊಡುತ್ತಾರೆ. ಮುಂದಿನ ಇಬ್ಬರ ಲಯವನ್ನು ಉಳಿದವರು ಅನುಸರಿಸಬೇಕು, ಏಕೆಂದರೆ ಆರು ಹುಟ್ಟುಗಳು ಆರು ಬಾರಿ ನೀರಿಗೆ ಬೀಳುವುದಕ್ಕಿಂತ ಒಮ್ಮೆಗೇ ಬಿದ್ದರೆ ದೋಣಿಗೆ ದಿಕ್ಕು ಸಿಗುತ್ತದೆ. ದೊಡ್ಡ ಅಲೆ ಎದುರಾದಾಗ ಕೈ ನಿಲ್ಲಿಸುವುದು ಸಹಜ ಪ್ರವೃತ್ತಿಯಾದರೂ, ಆಗಲೇ ಹುಟ್ಟು ಹಾಕುತ್ತಿರಬೇಕು: ವೇಗ ಕಳೆದುಕೊಂಡ ದೋಣಿ ಅಲೆಯ ವಶವಾಗುತ್ತದೆ, ನೀರಿನಲ್ಲಿರುವ ಹುಟ್ಟು ಕುಳಿತವರಿಗೆ ಊರುಗೋಲಿನಂತೆ ಆಸರೆ ಕೊಡುತ್ತದೆ. ‘ಗೆಟ್ ಡೌನ್’ ಎಂದಾಗ ಮಾತ್ರ ಒಳಗೆ ಜಾರಿ ಹಗ್ಗ ಹಿಡಿಯಬೇಕು. ‘ಹೈ ಸೈಡ್’ ಎಂಬ ಕೂಗಿಗೆ ಯೋಚಿಸುತ್ತ ಕೂರಲು ಸಮಯವಿಲ್ಲ. ದೋಣಿ ಬಂಡೆಗೆ ಅಡ್ಡಲಾಗಿ ಒತ್ತಿದಾಗ ಬಂಡೆಯ ಕಡೆಯ ಅಂಚು ಮೇಲೇಳುತ್ತದೆ, ಎಲ್ಲರೂ ಕೂಡಲೇ ಆ ಎತ್ತರದ ಅಂಚಿಗೆ, ಅಂದರೆ ಬಂಡೆಯತ್ತಲೇ, ಮೈ ಎಸೆಯಬೇಕು. ಹೆದರಿ ಬಂಡೆಯಿಂದ ದೂರ ಸರಿದರೆ ಮೇಲಿನಿಂದ ಬರುವ ನೀರು ಇನ್ನೊಂದು ಅಂಚನ್ನು ಮುಳುಗಿಸಿ ದೋಣಿಯನ್ನು ಮಗುಚುತ್ತದೆ.

ನೀರನ್ನು ಓದುವುದು ಗೈಡ್‌ನ ಕೆಲಸವಾದರೂ ಸ್ವಲ್ಪ ತಿಳಿದಿದ್ದರೆ ಆಜ್ಞೆಗಳು ಅರ್ಥವಾಗುತ್ತವೆ. ಎರಡು ಬಂಡೆಗಳ ನಡುವೆ ಕೆಳಮುಖವಾಗಿ ಚೂಪಾಗುತ್ತ ಹೋಗುವ ನುಣುಪಾದ ನೀರಿನ ನಾಲಿಗೆ ಸಾಮಾನ್ಯವಾಗಿ ಆಳದ ದಾರಿ. ಚೂಪು ತುದಿ ನಮ್ಮ ಕಡೆಗಿದ್ದರೆ ಅಲ್ಲೊಂದು ಬಂಡೆ ಅಡಗಿದೆ. ಹರಿವಿಗೆ ಅಡ್ಡವಾದ ಬಂಡೆಯ ಹಿಂಬದಿಯಲ್ಲಿ ನೀರು ಹಿಮ್ಮುಖವಾಗಿ ತಿರುಗುವ ಶಾಂತ ಜಾಗವನ್ನು ಎಡ್ಡಿ ಎನ್ನುತ್ತಾರೆ, ದೋಣಿಗಳು ನಿಲ್ಲುವುದು ಅಲ್ಲಿ. ನೀರು ಬಂಡೆಯ ಮೇಲಿನಿಂದ ಧುಮುಕಿ ತನ್ನೆಡೆಗೇ ಮರಳಿ ಉರುಳುವ ಜಾಗವೇ ಹೋಲ್.

ಏಳನೆಯ ಹಂತ: ನೀರಿಗೆ ಬಿದ್ದರೆ

ಬೀಳುವುದು ಅಪರೂಪದ ಅಪಘಾತವೇನಲ್ಲ, ರಾಫ್ಟಿಂಗ್‌ನ ಭಾಗವೇ. ಹೊರಡುವ ಮುಂಚೆ ಶಾಂತ ನೀರಿನಲ್ಲಿ ಬಿದ್ದು ಅಭ್ಯಾಸ ಮಾಡಿಸುವ ಗೈಡ್ ಸಿಕ್ಕರೆ ಅದನ್ನು ಕಾಲಹರಣವೆಂದು ಭಾವಿಸದೆ ಮನಸ್ಸಿಟ್ಟು ಮಾಡಬೇಕು.

ಬಿದ್ದ ಕೂಡಲೇ ದೋಣಿ ಕೈಗೆಟಕುವಂತಿದ್ದರೆ ಅದರ ಸುತ್ತಲಿನ ಹಗ್ಗವನ್ನು ಹಿಡಿಯಬೇಕು. ದೋಣಿಯ ಕೆಳಗಿನ ಪಾರ್ಶ್ವಕ್ಕೆ, ಅಂದರೆ ದೋಣಿ ಮತ್ತು ಮುಂದಿನ ಬಂಡೆಗಳ ನಡುವೆ, ಇರಬಾರದು. ಮೇಲೆಳೆಯುವವರು ಕೈ ಹಿಡಿಯದೆ ಲೈಫ್ ಜಾಕೆಟ್‌ನ ಭುಜದ ಪಟ್ಟಿಗಳನ್ನು ಹಿಡಿದು, ಮೊಣಕಾಲುಗಳನ್ನು ಕೊಳವೆಗೆ ಊರಿ ಹಿಂದಕ್ಕೆ ಬೀಳುತ್ತಾರೆ; ನೀರಿನಲ್ಲಿರುವವರು ಅದೇ ಹೊತ್ತಿಗೆ ಕಾಲು ಬಡಿದರೆ ಸಾಕು. ದೋಣಿಯ ಅಡಿಯಲ್ಲಿ ಸಿಕ್ಕಿಕೊಂಡರೆ ಎರಡೂ ಕೈಗಳಿಂದ ಅದರ ತಳವನ್ನು ಒತ್ತುತ್ತ ಒಂದೇ ದಿಕ್ಕಿನಲ್ಲಿ ಸಾಗಬೇಕು. ದಿಕ್ಕು ಬದಲಿಸದಿದ್ದರೆ ಕೆಲವೇ ಕ್ಷಣಗಳಲ್ಲಿ ಅಂಚು ಸಿಗುತ್ತದೆ.

ದೋಣಿ ದೂರವಾದರೆ ಬೆನ್ನಮೇಲೆ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಮೊಣಕಾಲುಗಳನ್ನು ತುಸು ಮಡಿಸಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಬಂಡೆ ಬಂದರೆ ಪಾದಗಳಿಂದ ತಳ್ಳಬಹುದು. ಅಲೆಯ ತಗ್ಗಿನಲ್ಲಿ ಉಸಿರೆಳೆದು, ಅದರ ತುದಿ ಮುಖದ ಮೇಲೆ ಬರುವಾಗ ಉಸಿರು ಹಿಡಿಯಬೇಕು. ಮುಂದೆ ದಡವೋ ಎಡ್ಡಿಯೋ ಕಂಡಾಗ ಮಗುಚಿ ಬೋರಲಾಗಿ, ಹರಿವಿಗೆ ಓರೆಯಾಗಿ, ಪೂರ್ಣ ಬಲದಿಂದ ಈಜಬೇಕು. ತೇಲುತ್ತಲೇ ಇದ್ದರೆ ನದಿ ತನಗೆ ಬೇಕಾದಲ್ಲಿಗೆ ಒಯ್ಯುತ್ತದೆ.

ಈ ಹಂತದಲ್ಲಿ ಒಂದು ನಿಯಮವನ್ನು ಮಾತ್ರ ಎಂದೂ ಮುರಿಯಬಾರದು: ಮೊಣಕಾಲಿಗಿಂತ ಆಳವಾಗಿ ಹರಿಯುವ ನೀರಿನಲ್ಲಿ ಎದ್ದು ನಿಲ್ಲಬಾರದು. ಪಾದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮಡಿಸಿ ಮುಳುಗಿಸುತ್ತದೆ, ಸೊಂಟದೆತ್ತರದ ನೀರಿನಲ್ಲೂ ಅದು ಪ್ರಾಣಾಂತಿಕ. ಬೆಚ್ಚನೆಯ, ಆಳವಿಲ್ಲದ ನದಿಯಲ್ಲಿ ನಿಲ್ಲಬೇಕೆಂಬ ಆಸೆ ಇನ್ನೂ ಬಲವಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಕೈ ನೆಲಕ್ಕೆ ತಾಗುವಷ್ಟು ಆಳ ಕಡಿಮೆಯಾದ ಮೇಲೆ ಏಳಬಹುದು.

ಮಳೆಕಾಡಿನ ನದಿಗಳಲ್ಲಿ ಉರುಳಿ ಬಿದ್ದ ಮರಗಳು ಇನ್ನೊಂದು ಅಪಾಯ. ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ದೂರದಿಂದಲೇ ಕಂಡರೆ ಈಜಿ ತಪ್ಪಿಸಿಕೊಳ್ಳಬೇಕು. ತಪ್ಪಿಸಲಾಗದಿದ್ದರೆ ಪಾದ ಮುಂದೆ ಮಾಡುವ ನಿಯಮ ಇಲ್ಲಿ ತಲೆಕೆಳಗಾಗುತ್ತದೆ. ತಲೆ ಮುಂದಾಗಿ ಅದರತ್ತ ರಭಸದಿಂದ ಈಜಿ, ಕೈಗಳಿಂದ ಕಾಂಡದ ಮೇಲೆ ಎದೆಯೇರಿಸಿ ಹತ್ತಬೇಕು. ಹೋಲ್‌ನಲ್ಲಿ ಸುತ್ತತೊಡಗಿದರೆ ಪಕ್ಕದ ಅಂಚಿನ ಕಡೆಗೆ ಈಜಬೇಕು ಅಥವಾ ಮೈಯ ಆಕಾರ ಬದಲಿಸಿ ತಳದ ಹರಿವು ಹೊರಗೆಳೆಯಲು ಬಿಡಬೇಕು.

ರಕ್ಷಣಾ ಹಗ್ಗದ ಚೀಲವನ್ನು ಎಸೆದರೆ, ಚೀಲವನ್ನಲ್ಲ, ಹಗ್ಗವನ್ನೇ ಹಿಡಿಯಬೇಕು. ಅದನ್ನು ಎದೆಯ ಬಳಿ ಎರಡೂ ಕೈಗಳಿಂದ ಹಿಡಿದು, ಒಂದು ಭುಜದ ಮೇಲೆ ಹಾಯಿಸಿ, ಹಗ್ಗ ಎಸೆದವರಿಗೆ ಬೆನ್ನು ಮಾಡಿ ಮಲಗಿದರೆ ಮುಖದ ಮುಂದೆ ಗಾಳಿಗೆ ಜಾಗ ಉಳಿಯುತ್ತದೆ, ಹರಿವೇ ದಡಕ್ಕೆ ತೂಗಿ ತರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬಿಡಬೇಕಾದಾಗ ಬಿಡಲಾಗುವುದಿಲ್ಲ.

ಎಂಟನೆಯ ಹಂತ: ನಡುವೆ ಮಳೆ ಬಂದರೆ

ನಾವಿರುವಲ್ಲಿ ಹನಿ ಬೀಳದಿದ್ದರೂ ಮೇಲ್ಭಾಗದ ಮಳೆ ಕೆಳಗೆ ಬರುತ್ತದೆ. ತಿಳಿನೀರು ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿ ಕದಡುವುದು, ಎಲೆ, ಕಡ್ಡಿ, ಕೊಂಬೆಗಳು ತೇಲಿ ಬರುವುದು, ಸ್ವಲ್ಪ ಹೊತ್ತಿನ ಹಿಂದೆ ಕಾಣುತ್ತಿದ್ದ ಕಲ್ಲು ಮುಳುಗುವುದು, ಮೇಲಿನಿಂದ ಗುಡುಗಿನಂಥ ನಿರಂತರ ಸದ್ದು ಕೇಳುವುದು ನೀರು ಏರುತ್ತಿರುವುದರ ಸೂಚನೆಗಳು. ಗೈಡ್ ಇವನ್ನು ನಮಗಿಂತ ಮೊದಲು ಕಾಣುತ್ತಾರೆ. ಆದರೂ ಕಂಡದ್ದನ್ನು ಹೇಳುವುದರಲ್ಲಿ ತಪ್ಪಿಲ್ಲ. ದಡಕ್ಕೆ ಹೋಗಿ ಎತ್ತರದ ಜಾಗದಲ್ಲಿ ಕಾಯೋಣ ಎಂದು ಅವರು ನಿರ್ಧರಿಸಿದರೆ, ಯಾತ್ರೆ ಅರ್ಧಕ್ಕೆ ನಿಂತಿತೆಂದು ಅವರ ಮೇಲೆ ಒತ್ತಡ ಹಾಕಬಾರದು.

ಒಂಬತ್ತನೆಯ ಹಂತ: ನದಿಯಿಂದ ಹೊರಬಂದ ಮೇಲೆ

ದಡ ಸೇರಿದ ಮೇಲೆ ಶುದ್ಧ ನೀರಿನಲ್ಲಿ ಸ್ನಾನ ಮಾಡಿ, ತರಚು ಗಾಯಗಳನ್ನು ಸೋಪಿನಿಂದ ತೊಳೆದು, ಕಿವಿಗಳನ್ನು ಒರೆಸಿಕೊಳ್ಳಬೇಕು. ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾದಿಂದ ಬರುವ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಉಷ್ಣವಲಯದ ನದಿಗಳಲ್ಲಿ, ಅದರಲ್ಲೂ ಜೋರು ಮಳೆಯ ನಂತರ, ಗಮನಿಸಬೇಕಾದ ರೋಗ. 1996ರಲ್ಲಿ ಕೋಸ್ಟರಿಕಾದಲ್ಲಿ ರಾಫ್ಟಿಂಗ್ ಮಾಡಿದ ಅಮೆರಿಕನ್ನರ ಗುಂಪಿನಲ್ಲಿ ಅದು ಕಾಣಿಸಿಕೊಂಡಿತ್ತು. 2000ದಲ್ಲಿ ಬೋರ್ನಿಯೋದ ಸಬಾದಲ್ಲಿ ನಡೆದ ಸಾಹಸ ಸ್ಪರ್ಧೆಯ ನಂತರ ಸಂಪರ್ಕಕ್ಕೆ ಸಿಕ್ಕ 189 ಸ್ಪರ್ಧಿಗಳಲ್ಲಿ 80 ಜನರಿಗೆ ಅದರ ಲಕ್ಷಣಗಳಿದ್ದವು, ಸೆಗಾಮಾ ನದಿಯಲ್ಲಿ ಈಜಿದ್ದು ಮುಖ್ಯ ಕಾರಣವೆಂದು ಕಂಡುಬಂತು. ಬಾಯಿಗೆ ನದಿ ನೀರು ಹೋಗದಂತೆ ನೋಡಿಕೊಳ್ಳುವುದು, ತೆರೆದ ಗಾಯಗಳನ್ನು ನೀರು ತಾಗದಂತೆ ಮುಚ್ಚುವುದು ಸರಳ ರಕ್ಷಣೆ. ಮೊದಲೇ ವೈದ್ಯರನ್ನು ಕಂಡರೆ ಡಾಕ್ಸಿಸೈಕ್ಲಿನ್ ಮಾತ್ರೆ ಸೂಚಿಸಬಹುದು. ಆ ಮಾತ್ರೆ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮಗೊಳಿಸುವುದರಿಂದ ಉದ್ದ ತೋಳಿನ ಅಂಗಿಯ ಸಲಹೆ ಇನ್ನಷ್ಟು ಅನ್ವಯಿಸುತ್ತದೆ. ಆಫ್ರಿಕಾದ ನದಿಗಳಲ್ಲಿ ನಿಧಾನವಾಗಿ ಹರಿಯುವ ಅಂಚುಗಳಲ್ಲಿ ಬಸವನಹುಳುಗಳ ಮೂಲಕ ಹರಡುವ ಶಿಸ್ಟೊಸೋಮಿಯಾಸಿಸ್ ಪರಾವಲಂಬಿ ಚರ್ಮದ ಮೂಲಕವೇ ದೇಹ ಸೇರುತ್ತದೆ, ಹೀಗಾಗಿ ಅಲ್ಲಿಂದ ಮರಳಿದವರು ಕೆಲವು ವಾರಗಳ ನಂತರ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಇಲಿಜ್ವರದ ಲಕ್ಷಣಗಳು ಸೋಂಕು ತಗುಲಿದ 2ರಿಂದ 30 ದಿನಗಳೊಳಗೆ, ಹೆಚ್ಚಾಗಿ ಎರಡನೆಯ ವಾರದ ಆಸುಪಾಸಿನಲ್ಲಿ, ಕಾಣಿಸಿಕೊಳ್ಳುತ್ತವೆ. ಆ ಅವಧಿಯಲ್ಲಿ ಜ್ವರ, ತೀವ್ರ ತಲೆನೋವು, ಮೀನಖಂಡಗಳಲ್ಲಿ ನೋವು ಅಥವಾ ಕಣ್ಣು ಕೆಂಪಾಗುವುದು ಕಂಡರೆ ಸಾಮಾನ್ಯ ಜ್ವರವೆಂದು ಕಾಯದೆ ವೈದ್ಯರ ಬಳಿ ಹೋಗಬೇಕು. ಯಾವ ನದಿಯಲ್ಲಿ, ಯಾವ ದಿನ ಇಳಿದಿದ್ದೆವು ಎಂಬುದನ್ನು ಅವರು ಕೇಳದಿದ್ದರೂ ಹೇಳಬೇಕು.